ಮಡಿಸಿದ ತೋಳು

ಆಮಂತ್ರಣದ ಕಾರ್ಡು ಅಂಚೆಯಲ್ಲಿ ಬಂದಾಗ ಲಾಂಡ್ರಿಯ ಕೌಂಟರಿನಲ್ಲಿದ್ದವಳು ಮಗಳು. ಲಾಡ್ಜಿನಿಂದ ಬಂದ ದಿಂಬಿನ ಚೀಲಗಳನ್ನು ಒಂದು ಕೈಯಲ್ಲಿ ಎಣಿಸುತ್ತಾ ಇನ್ನೊಂದು ಕೈಯಲ್ಲಿ ಲಕೋಟೆ ಒಡೆದಳು. ಜೈಲಿನ ಬಂದಿಗಳು ಬರೆದ ಚಿತ್ರಗಳ ಪ್ರದರ್ಶನ, ಗ್ರಂಥಾಲಯದ ಮಹಡಿಯ ಹಾಲ್, ಮೂರು ವಾರ ಬಿಟ್ಟು ಭಾನುವಾರ ಬೆಳಿಗ್ಗೆ. ಮೇಲುಗಡೆ ಒಂದು ಬಣ್ಣದ ಚಿತ್ರ, ಅದರ ಕೆಳಗೆ ಅಣ್ಣನ ಕೈದಿ ನಂಬರು. ಸಂಭ್ರಮದಿಂದ “ಅಮ್ಮಾ” ಎಂದು ಕೂಗಲು ಬಾಯಿ ತೆರೆದವಳು ಚಿತ್ರವನ್ನು ಇನ್ನೊಮ್ಮೆ ನೋಡಿ ಹಾಗೆಯೇ ಮುಚ್ಚಿಕೊಂಡಳು. ದಿಂಬಿನ ಚೀಲದ ಲೆಕ್ಕ ತಪ್ಪಿಹೋಯಿತು.

ಗಾಡಿಯ ಒಳಗೆ ಕೂತು ಕಂಡ ರಸ್ತೆಯ ಚಿತ್ರ ಅದು. ಮುಂದಿನ ಗಾಜಿನ ತುಂಬ ಮಂಜು. ವೈಪರು ಒರೆಸಿದಷ್ಟು ಜಾಗದಲ್ಲಿ ಒಂದು ಸೈಕಲ್ಲಿನ ಹಿಂದಿನ ಚಕ್ರ. ಪಕ್ಕದಲ್ಲಿ ಸ್ಟೇರಿಂಗ್ ಹಿಡಿದ ಒಂದು ಕೈ. ಮುಖವಿಲ್ಲ, ಭುಜವಿಲ್ಲ, ಮೇಲಕ್ಕೆ ಮಡಿಸಿದ ಬಿಳಿ ಅಂಗಿಯ ತೋಳು ಮಾತ್ರ. ಆ ಮಡಿಕೆಯ ಮೇಲೆ ಇರುವೆಯಷ್ಟು ಚಿಕ್ಕದಾಗಿ ಒಂದು ಮುಕ್ಕೋನ, ಅದರೊಳಗೆ ಒಂದು ಚುಕ್ಕಿ.

ಅದು ಅಪ್ಪನ ಗುರುತು. ಈ ಲಾಂಡ್ರಿಯಲ್ಲಿ ಯಾವ ಬಟ್ಟೆಯೂ ಗುರುತಿಲ್ಲದೆ ನೀರು ಕಾಣುವುದಿಲ್ಲ. ತೋಳಿನ ತುದಿಯ ಒಳಮಗ್ಗುಲಿಗೆ, ಎಷ್ಟು ಒಗೆದರೂ ಹೋಗದ ಕಪ್ಪು ಶಾಯಿಯಲ್ಲಿ, ಯಾರ ಮನೆಯದೋ ಆ ಮನೆಯ ಗುರುತು ಬೀಳಲೇಬೇಕು. ಮನೆಯವರಿಗೂ ವಿನಾಯಿತಿ ಇಲ್ಲ. ಮುಕ್ಕೋನ ಮನೆಗೆ. ಒಳಗೆ ಒಂದು ಚುಕ್ಕಿ ಅಪ್ಪನಿಗೆ, ಎರಡು ಅಮ್ಮನಿಗೆ, ಮೂರು ಅಣ್ಣನಿಗೆ, ನಾಲ್ಕು ಮಗಳಿಗೆ. ಅಜ್ಜಿಗೆ ಬರಿಯ ಮುಕ್ಕೋನ. “ನಾನಿದ್ದಿದ್ದಕ್ಕೆ ತಾನೆ ನಿಮ್ಮ ಚುಕ್ಕಿಗಳೆಲ್ಲ” ಎಂದು ಜಗಳವಾಡಿ ಹಾಕಿಸಿಕೊಂಡಿದ್ದಳು.

ಎರಡು ವರ್ಷದ ಹಿಂದೆ, ಮಂಜು ಕವಿದ ಒಂದು ಬೆಳಿಗ್ಗೆ, ಲಾಡ್ಜಿನ ಹಾಸಿಗೆಬಟ್ಟೆ ತರಲು ಹೊರಟಿದ್ದ ಇವರ ಗಾಡಿ, ರಾತ್ರಿಪಾಳಿ ಮುಗಿಸಿ ಮನೆಗೆ ಹೋಗುತ್ತಿದ್ದ ಕಾರ್ಖಾನೆಯ ಕೆಲಸಗಾರನ ಸೈಕಲ್ಲಿಗೆ ಹೊಡೆಯಿತು. ಆತ ಉಳಿಯಲಿಲ್ಲ. ಗಾಡಿ ಓಡಿಸುತ್ತಿದ್ದವನು ಅಪ್ಪ. ಅವನ ಕಣ್ಣು ಆಗಲೇ ಮಸುಕಾಗಿತ್ತು, ಗಾಡಿ ಮುಟ್ಟಕೂಡದು ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. “ನನ್ನ ಗಾಡಿ, ನನ್ನ ರಸ್ತೆ, ಕಣ್ಣು ಮುಚ್ಕೊಂಡು ಓಡಿಸ್ತೀನಿ” ಎಂಬ ಜಂಬ ಮಾತ್ರ ಚೂರೂ ಮಸುಕಾಗಿರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಮಗ ಜನರನ್ನು ಕರೆಯಲು ಓಡಿದ. ಪೊಲೀಸರ ಜೊತೆ ವಾಪಸು ಬರುವಷ್ಟರಲ್ಲಿ ಅವನು ಮನಸ್ಸು ಗಟ್ಟಿ ಮಾಡಿಕೊಂಡಾಗಿತ್ತು. “ನಾನು ಓಡಿಸ್ತಿದ್ದೆ ಸಾರ್” ಎಂದ. ಇನ್ಸ್‌ಪೆಕ್ಟರು ಅಪ್ಪನ ಕಡೆ ತಿರುಗಿದಾಗ ಅಪ್ಪ “ಹೂಂ” ಎಂದ. ಆ ಒಂದು ಹೂಂ ಮೇಲೆ ಈ ಮನೆ ಎರಡು ವರ್ಷದಿಂದ ನಿಂತಿತ್ತು.

ಮಗನ ಬಿಡುಗಡೆಗೆ ಇನ್ನು ಐದು ತಿಂಗಳು. ಈಗ ನಿಜ ಹೊರಬಿದ್ದರೆ ಅಪ್ಪ ಒಳಗೆ ಹೋಗುತ್ತಾನೆ, ಕೋರ್ಟಿನಲ್ಲಿ ಸುಳ್ಳು ಹೇಳಿದ್ದಕ್ಕೆ ಮಗ ಹೊರಗೆ ಬರುವುದಿಲ್ಲ.

ಮಗಳು ಹಿಂದಿನ ಕೋಣೆಗೆ ಹೋಗಿ ಇಸ್ತ್ರಿ ಮೇಜಿನ ಮೇಲೆ ಕಾರ್ಡು ಇಟ್ಟಳು. ಅಮ್ಮ ಒಂದೇ ಸಲ ನೋಡಿದಳು. ಆಮೇಲೆ ಇಸ್ತ್ರಿಪೆಟ್ಟಿಗೆ ಎತ್ತುವುದನ್ನು ಮರೆತಳು. ಯಾರದೋ ಅಂಗಿಯ ಬೆನ್ನು ಸೀದು ವಾಸನೆ ಬಂದ ಮೇಲೆ ಇಬ್ಬರೂ ಬೆಚ್ಚಿಬಿದ್ದರು.

“ಯಾರಿಗೂ ಕಾಣಲ್ಲ ಬಿಡಮ್ಮ, ಅಷ್ಟು ಚಿಕ್ಕದು.”

“ಇನ್ಸ್‌ಪೆಕ್ಟರಿಗೆ ಕಾಣುತ್ತೆ.”

ಅದು ಸುಳ್ಳಲ್ಲ. ಇನ್ಸ್‌ಪೆಕ್ಟರ ಯೂನಿಫಾರಂ ಒಗೆಯುವುದು ಇವರೇ. ಎಲ್ಲಾದರೂ ಗುರುತು ಸಿಗದ ಹೆಣ ದೊರೆತರೆ ಅವರು ಅದರ ಅಂಗಿಯನ್ನು ಕವರಿನಲ್ಲಿ ಹಾಕಿಕೊಂಡು ಇಲ್ಲಿಗೇ ಬರುತ್ತಿದ್ದರು. “ಯಜಮಾನ್ರೇ, ಈ ಗುರುತು ಯಾರದು ಹೇಳಿ” ಎನ್ನುವರು. ಅಪ್ಪ ಬಟ್ಟೆ ತಿರುವಿ ನೋಡಿ, ಇಂಥ ಬೀದಿ, ಇಂಥ ಮನೆ ಎಂದು ಉಸಿರು ಬಿಡುವಷ್ಟರಲ್ಲಿ ಹೇಳುವನು. ಊರಿನ ನಾನೂರು ಗುರುತು ಅವನ ಬಾಯಲ್ಲಿತ್ತು. ಅಂಥ ನೋಟ ಇನ್ಸ್‌ಪೆಕ್ಟರಿಗೆ ಕಲಿಸಿದವನೂ ಅಪ್ಪನೇ.

“ಏನೇ ಅದು?” ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

“ಕರೆಂಟ್ ಬಿಲ್ಲು ಅಜ್ಜಿ.”

“ಕರೆಂಟ್ ಬಿಲ್ಲಿಗೆ ಬಣ್ಣ ಬಳಿದು ಕಳಿಸೋಕೆ ಯಾವಾಗ ಶುರು ಮಾಡಿದ್ರು? ತಾ ಇಲ್ಲಿ.” ನೋಡಿ ಅಲ್ಲಿಯೇ ಬಟ್ಟೆಗಂಟಿನ ಮೇಲೆ ಕುಸಿದು ಕೂತಳು. “ಗೀಚಪ್ಪ ಗೀಚಿದ್ನಲ್ಲೇ” ಎಂದಳು. ಗೋಡೆ, ಬಾಗಿಲು, ಇಸ್ತ್ರಿ ಮಾಡಿದ ಹಾಸಿಗೆಬಟ್ಟೆ ಯಾವುದನ್ನೂ ಬಿಡದೆ ಗೀಚುತ್ತಿದ್ದ ಮೊಮ್ಮಗನಿಗೆ ಅವಳಿಟ್ಟ ಹೆಸರು ಅದು. “ನಿಮ್ಮಪ್ಪನಿಗೆ ಹೇಳ್ಬೇಡಿ. ಗೊತ್ತಾದ್ರೆ ಈಗಿಂದೀಗ್ಲೇ ಸ್ಟೇಷನ್ನಿಗೆ ಹೋಗಿ ಕೂತ್ಕೋತಾನೆ.”

ಹಿಂದೆ ಎರಡು ಸಲ ಅವನು ಹಾಗೆ ಹೊರಟಿದ್ದುಂಟು. ಎರಡನೆಯ ಸಲ ಮಗನೇ ಜೈಲಿನಿಂದ ಹೇಳಿ ಕಳಿಸಿದ್ದ: ನೀವು ಬಾಯಿ ಬಿಟ್ಟರೆ ನಾನು ಕಳೆದ ದಿನವೆಲ್ಲ ನೀರುಪಾಲು, ಇಲ್ಲಿಗೂ ಬರಬೇಡಿ, ಬಂದರೆ ನಿಮ್ಮ ಮುಖವೇ ಎಲ್ಲ ಹೇಳಿಬಿಡುತ್ತದೆ. ಅಂದಿನಿಂದ ಅಪ್ಪ ಹಿಂದಿನ ಕೋಣೆಯಲ್ಲಿ ಕೂತು ಟವೆಲು ಮಡಿಸುತ್ತಿದ್ದ. ಈಗ ಅವನಿಗೆ ಬೆಳಕು ಯಾವ ಕಡೆ, ನೆರಳು ಯಾವ ಕಡೆ ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ಆದರೂ ಅವನು ಮಡಿಸಿದ ಟವೆಲಿನ ಅಂಚು ಒಂದು ನೂಲೂ ಆಚೀಚೆ ಹೋಗುತ್ತಿರಲಿಲ್ಲ.

*

ಶನಿವಾರ ಅಮ್ಮ, ಮಗಳು ಜೈಲಿಗೆ ಹೋದರು. ಜಾಲರಿಯ ಈಚೆ ಇವರು, ಆಚೆ ಅವನು, ನಾಲ್ಕು ಹೆಜ್ಜೆ ದೂರದಲ್ಲಿ ಕಾವಲಿನವನು. ಮಗನ ಕೈಬೆರಳುಗಳು ಸೋಡಾಪುಡಿಗೆ ಬಿರಿದಿದ್ದವು. ಒಳಗೂ ಅವನಿಗೆ ಬಟ್ಟೆ ಒಗೆಯುವ ಕೆಲಸವನ್ನೇ ಕೊಟ್ಟಿದ್ದರು.

“ಕಾರ್ಡ್ ನೋಡಿದ್ರಾ? ಅಷ್ಟೂ ಚಿತ್ರದಲ್ಲಿ ನಂದನ್ನೇ ಆರಿಸಿದಾರೆ!” ಎರಡು ವರ್ಷದಲ್ಲಿ ಅವನು ಹೀಗೆ ನಕ್ಕಿದ್ದನ್ನು ಅಮ್ಮ ನೋಡಿರಲಿಲ್ಲ. ಆ ನಗುವಿನ ಮೇಲೆ ನೀರು ಸುರಿಯಬೇಕಲ್ಲ ಎಂದು ಅವಳಿಗೆ ಸಂಕಟವಾಯಿತು.

“ಚೆನ್ನಾಗಿದೆ” ಎಂದಳು ಮಗಳು, ಕಾವಲಿನವನಿಗೆ ಕೇಳಲೆಂದೇ ಗಟ್ಟಿಯಾಗಿ. “ತೋಳಿನ ಮೇಲೆ ಒಂದು ಚುಕ್ಕಿ ಕಲೆ ಇದೆ, ಅಷ್ಟೇ.”

“ಕಲೆ? ಎಲ್ಲಿ...” ಎಂದವನ ನಗು ನಿಂತಿತು. ಕಣ್ಣು ಮುಚ್ಚಿಕೊಂಡ. ಬರೆದದ್ದು ನೆನಪಿಗೆ ಬರುತ್ತಿತ್ತೆಂದು ಕಾಣುತ್ತದೆ. “ಅಯ್ಯೋ. ಹಾಕಿದ್ದೇ ಗೊತ್ತಾಗ್ಲಿಲ್ಲ ಕಣೇ. ಬಟ್ಟೆ ಬರೆದೆ. ಬಟ್ಟೆ ಅಂದ್ಮೇಲೆ ಕೈ ತಾನಾಗೇ ಹಾಕ್ಬಿಡ್ತು.”

“ಹೂವೋ ಹಣ್ಣೋ ಬರೆಯೋಕೇನಾಗಿತ್ತೋ ನಿಂಗೆ?” ಎಂದಳು ಅಮ್ಮ.

“ಮೊದ್ಲು ಹಣ್ಣೇ ಬರೆದಿದ್ದೆ ಅಮ್ಮ. ಡ್ರಾಯಿಂಗ್ ಮೇಷ್ಟ್ರು ಕೇಳಿದ್ರು, ಇದನ್ನ ತಿಂದು ಎಷ್ಟು ದಿನ ಆಯ್ತಪ್ಪ ಅಂತ. ನೆನಪಿಲ್ಲ ಅಂದೆ. ಹಾಗಾದ್ರೆ ಬರೀಬೇಡ, ದಿನಾ ಕಣ್ಮುಂದೆ ಬರೋದನ್ನ ಬರಿ ಅಂದ್ರು. ದಿನಾ ಬರೋದು ಅದೊಂದೇ. ಇಲ್ಲಿ ನೋಡೋಕೆ ಗೋಡೆ ಬಿಟ್ರೆ ಏನಿದೆ? ಗೋಡೆ ನೋಡಿದ್ರೂ ಆ ಗಾಜೇ ಕಾಣುತ್ತೆ. ಬರೆದ ಮೇಲೆ ಗೋಡೆ ಬರೀ ಗೋಡೆ ಆಯ್ತು. ನಾಲ್ಕು ದಿನ ಚೆನ್ನಾಗಿ ನಿದ್ದೆ ಮಾಡಿದೆ.” ಜಾಲರಿಯ ತಂತಿ ಉಜ್ಜುತ್ತಾ ಹೇಳಿದ, “ಮೇಷ್ಟ್ರು ಹೊಗಳಿದ್ದೇ ಹೊಗಳಿದ್ದು. ತಪ್ಪು ಮಾಡಿದವನು ತನ್ನನ್ನೇ ಪಕ್ಕದಲ್ಲಿ ಕೂತು ನೋಡ್ತಿದಾನೆ, ಎಂಥ ಕಲ್ಪನೆ ಅಂದ್ರು. ನಾನು ಹೌದು ಸಾರ್ ಅಂದೆ.”

“ವಾಪಸ್ ಕೇಳೋ. ಸರಿಯಾಗಿಲ್ಲ, ತಿದ್ದಬೇಕು ಅನ್ನು.”

“ಕೊಟ್ಟ ಮೇಲೆ ಅದು ಸರ್ಕಾರದ್ದಂತೆ. ಕಟ್ಟು ಹಾಕಿಸಿ, ಸೀಲು ಹೊಡೆದು ಕಳಿಸಿಬಿಟ್ರು.” ಗಂಟೆ ಬಾರಿಸಿದರು. ಅವನು ಜಾಲರಿಗೆ ಬಾಯಿ ಹತ್ತಿರ ತಂದ. “ಅಪ್ಪನಿಗೆ ಹೇಳ್ಬೇಡಿ.”

*

ಮನೆಗೆ ಬಂದ ಮೇಲೆ ಅಮ್ಮನಿಗೆ ಇನ್ನೊಂದು ಹುಳ ತಲೆ ಹೊಕ್ಕಿತು. ಚಿತ್ರದಲ್ಲಿರುವ ಗುರುತು ಮನೆಯಲ್ಲಿರುವ ಅಂಗಿಯ ಮೇಲೂ ಇದೆಯಲ್ಲ. ಯಾರಾದರೂ ಬಂದು ಬೀರು ತೆರೆದರೆ? ಗಂಡನ ಏಳೂ ಅಂಗಿಗಳನ್ನು ಬ್ಲೀಚಿನಲ್ಲಿ ನೆನೆಹಾಕಿದಳು. ಬಣ್ಣದ ಅಂಗಿಗಳ ಬಣ್ಣ ಹೋಯಿತು, ಗುರುತು ಹೋಗಲಿಲ್ಲ. ನಿಂಬೆಹಣ್ಣು ಉಜ್ಜಿದಳು. ಕೊನೆಗೆ ಕತ್ತರಿ ತಂದು ಏಳು ಅಂಗಿಯ ಹದಿನಾಲ್ಕು ತೋಳನ್ನೂ ಮೊಣಕೈವರೆಗೆ ಕತ್ತರಿಸಿ, ಅಂಚು ಹೊಲಿದು, ತುಂಡುಗಳನ್ನು ಬಾಯ್ಲರಿನ ಬೆಂಕಿಗೆ ಹಾಕಿದಳು.

ಮರುದಿನ ಸ್ನಾನ ಮಾಡಿ ಬಂದ ಅಪ್ಪ ಅಂಗಿಯೊಳಗೆ ಕೈ ತೂರಿಸಿದರೆ ಕೈ ಬೇಗ ಹೊರಗೆ ಬಂದುಬಿಟ್ಟಿತು. ತಡಕಿ ನೋಡಿದ. ಇನ್ನೊಂದು ಅಂಗಿ ತಡಕಿದ.

“ನನ್ನ ತೋಳೆಲ್ಲಿ?”

“ಸವೆದುಹೋಗಿತ್ತು, ಕತ್ತರಿಸಿ ಹೊಲಿದೆ.”

“ಏಳೂ ಒಂದೇ ದಿನ ಸವೆದುವಾ?”

“ಸೆಕೆಗಾಲ, ಗಾಳಿ ಆಡಲಿ ಬಿಡೋ” ಎಂದಳು ಅಜ್ಜಿ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಾ. “ನಿನ್ನನ್ನೇನು ಹೆಣ್ಣು ನೋಡೋಕೆ ಬರ್ತಿದಾರಾ?”

ಅಪ್ಪ ಗುಂಡಿ ಹಾಕಿಕೊಂಡ. ಆದರೆ ಅಂದು ಅವನು ಮಡಿಸಿದ ಟವೆಲುಗಳ ಅಂಚು ಸರಿ ಕೂರಲಿಲ್ಲ. ಮನೆಯಲ್ಲಿ ಏನೋ ನಡೆಯುತ್ತಿದೆ ಎಂದು ಕಣ್ಣಿಲ್ಲದವನಿಗೆ ಬೇಗ ತಿಳಿಯುತ್ತದೆ. ಅವನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ಕೈಜಾರುತ್ತಿತ್ತು. ಹೊರಗೆ ಯಾವ ಗಾಡಿ ನಿಂತರೂ ಹೆಂಡತಿಯ ಉಸಿರು ನಿಲ್ಲುವುದು ಅವನ ಕಿವಿಗೆ ಬೀಳುತ್ತಿತ್ತು. ಊಟಕ್ಕೆ ಕೂತರೂ ಅವಳು ಉಣ್ಣುತ್ತಿರಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುತ್ತಿದ್ದಳು.

ಪ್ರದರ್ಶನಕ್ಕೆ ನಾಲ್ಕು ದಿನವಿರುವಾಗ ಇನ್ಸ್‌ಪೆಕ್ಟರೇ ಯೂನಿಫಾರಂ ಒಯ್ಯಲು ಬಂದರು. ಯಾವಾಗಲೂ ಪೇದೆ ಬರುತ್ತಿದ್ದ.

“ಯಜಮಾನ್ರು ಇದಾರಾ? ಯಜಮಾನ್ರೇ! ನಿಮ್ಮ ಹುಡುಗ ದೊಡ್ಡ ಕಲಾವಿದ ಆಗ್ಬಿಟ್ನಲ್ಲ, ಕಾರ್ಡಿನ ಮೇಲೆ ಅವನದೇ ಚಿತ್ರ! ನಂಗೂ ಆಮಂತ್ರಣ ಬಂದಿದೆ. ಭಾನುವಾರ ಸಿಗೋಣ.”

ಇನ್ಸ್‌ಪೆಕ್ಟರು ಹೋದ ಮೇಲೂ ಅಪ್ಪ ಟವೆಲಿನ ರಾಶಿಯ ಮುಂದೆ ಹಾಗೆಯೇ ಕೂತಿದ್ದ. ಊಟಕ್ಕೆ ಕೂತಾಗ ಮಾತು ಬಂತು.

“ಎಷ್ಟು ದಿನ ಆಯ್ತು ಆ ಕಾರ್ಡು ಬಂದು?”

ಅಮ್ಮ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

“ಕೇಳ್ತಿರೋದು ನಿಮ್ಮನ್ನೇ. ಊರಿಗೆಲ್ಲ ಗೊತ್ತು, ಹೆತ್ತಪ್ಪನಿಗೆ ಗೊತ್ತಿಲ್ಲ. ಹೇಳೋಕೆ ಯಾರಿಗೂ ನಾಲಗೆ ಇರಲಿಲ್ವಾ?”

“ಹೇಳಿದ್ರೆ ಹೋಗ್ತೀನಿ ಅಂತೀರಿ, ಅದಕ್ಕೇ” ಎಂದಳು ಅಮ್ಮ.

“ಹೋಗ್ತೀನಿ.”

“ನಿಮಗೆ ಕಣ್ಣು ಕಾಣಲ್ಲ ಅಪ್ಪ, ಚಿತ್ರದ ಮುಂದೆ ನಿಂತು ಏನ್ ಮಾಡ್ತೀರಿ?” ಮಗಳ ಬಾಯಿಂದ ಮಾತು ಜಾರಿತ್ತು. ಅಜ್ಜಿ ಅವಳ ತೊಡೆ ಚಿವುಟಿದಳು.

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. “ಏನೂ ಮಾಡಲ್ಲ. ನಿಂತ್ಕೋತೀನಿ. ಅವನ ಮುಂದೆ ನಿಲ್ಲೋ ಯೋಗ್ಯತೆ ನಂಗಿಲ್ಲ, ಅವನ ಚಿತ್ರದ ಮುಂದಾದ್ರೂ ನಿಲ್ತೀನಿ. ನೀವು ಕರ್ಕೊಂಡು ಹೋಗ್ದಿದ್ರೆ ಗೋಡೆ ಹಿಡ್ಕೊಂಡು ಹೋಗ್ತೀನಿ.”

ಆ ಹೊತ್ತಿನಲ್ಲಾದರೂ ಚಿತ್ರದಲ್ಲಿ ಏನಿದೆ ಎಂದು ಅವನಿಗೆ ಹೇಳಿಬಿಡಬೇಕಿತ್ತು. ಮಗಳು ಅಮ್ಮನ ಮುಖ ನೋಡಿದಳು, ಅಮ್ಮ ಬೇಡ ಎಂದು ತಲೆಯಾಡಿಸಿದಳು. ಹೆದರಿದವರ ಬುದ್ಧಿ ಎಲ್ಲಿ ನೆಟ್ಟಗೆ ಓಡುತ್ತದೆ? ಪೊಲೀಸರಿಂದ ಮುಚ್ಚಿಟ್ಟರು, ನೆರೆಯವರಿಂದ ಮುಚ್ಚಿಟ್ಟರು, ಮೊಟ್ಟಮೊದಲು ಗೊತ್ತಿರಬೇಕಾದವನಿಂದಲೂ ಮುಚ್ಚಿಟ್ಟರು.

*

ಗ್ರಂಥಾಲಯದ ಹಾಲಿನಲ್ಲಿ ನಲವತ್ತು ಚಿತ್ರಗಳಿದ್ದವು. ಒಂದೊಂದರ ಕೆಳಗೂ ಬರೆದವನ ನಂಬರು, ಅವನದೇ ಕೈಬರಹದಲ್ಲಿ ಒಂದೆರಡು ಮಾತು. ಮಗಳು ಅಪ್ಪನ ಕೈ ಹಿಡಿದು ಬಾಗಿಲಿನಿಂದ ಒಂದೊಂದನ್ನೇ ಓದಿ ಹೇಳುತ್ತಾ ಬಂದಳು. ಎಷ್ಟು ನಿಧಾನ ಮಾಡಿದರೆ ಅಷ್ಟು ಒಳ್ಳೆಯದು ಎಂಬುದು ಅವಳ ಲೆಕ್ಕ.

“ಇದು ಬರೀ ಕಪ್ಪು ಅಪ್ಪ. ‘ಇಲ್ಲಿ ದೀಪ ಆರಿಸುವುದಿಲ್ಲ. ಆರು ವರ್ಷದಿಂದ ಕತ್ತಲೆ ನೋಡಿಲ್ಲ. ನೆನಪಿದ್ದಷ್ಟು ಬರೆದಿದ್ದೇನೆ’ ಅಂತಿದೆ.”

“ಪಾಪ” ಎಂದ ಅಪ್ಪ. “ನನ್ನ ಹತ್ರ ಬೇಕಾದಷ್ಟಿದೆ, ಕೊಡಬಹುದಿತ್ತು.”

“ಇದೊಂದು ಬಾಗಿಲು. ಎರಡು ಕಡೆಗೂ ಹಿಡಿ ಇದೆ. ‘ಬಾಗಿಲನ್ನು ನಾನೇ ತೆಗೆದು ಒಂಬತ್ತು ವರ್ಷವಾಯಿತು. ಹಿಡಿ ಯಾವ ಕಡೆ ಇರುತ್ತದೆ ಎಂದು ಮರೆತೆ. ಅದಕ್ಕೆ ಎರಡೂ ಕಡೆ ಬರೆದೆ.’”

“ಇದು?”

“ಒಂದು ತಟ್ಟೆ. ಖಾಲಿ ತಟ್ಟೆ. ‘ಊಟ ಸರಿಯಾಗಿ ಕೊಡುತ್ತಾರೆ, ದೂರಿಲ್ಲ. ಇನ್ನು ಸ್ವಲ್ಪ ಬಡಿಸಲಾ ಎಂದು ಕೇಳುವವರಿಲ್ಲ.’”

ಅಪ್ಪ ಮುಂದೆ ಹೆಜ್ಜೆ ಇಡಲಿಲ್ಲ. ಸ್ವಲ್ಪ ಹೊತ್ತು ಮೂಗು ಏರಿಸಿಕೊಂಡ.

ಹಾಲಿನ ಮಧ್ಯೆ, ಎಲ್ಲರಿಗೂ ಮೊದಲು ಕಾಣುವ ಜಾಗದಲ್ಲಿ, ಮಗನ ಚಿತ್ರವಿತ್ತು. ಕಾರ್ಡಿನಲ್ಲಿ ಇರುವೆಯಷ್ಟಿದ್ದ ಗುರುತು ಇಲ್ಲಿ ಬೆರಳಿನ ಉಗುರಿನಷ್ಟಾಗಿತ್ತು. ಅಮ್ಮನಿಗೆ ಇಡೀ ಹಾಲಿನಲ್ಲಿ ಅದೊಂದೇ ಕಂಡಿತು. ಇನ್ಸ್‌ಪೆಕ್ಟರು ಅದರ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದರು. ಮೇಷ್ಟ್ರು ಪಕ್ಕದಲ್ಲಿ ಪಶ್ಚಾತ್ತಾಪ, ಕಲ್ಪನೆ ಎಂದೆಲ್ಲ ವಿವರಿಸುತ್ತಿದ್ದರು. ಇನ್ಸ್‌ಪೆಕ್ಟರು ಮುಂದಕ್ಕೆ ಬಾಗಿದರು. ಅವರು ಸೈಕಲ್ಲಿನ ಚಕ್ರವನ್ನು ನೋಡಿ, “ಕಡ್ಡಿ ಎಲ್ಲ ಲೆಕ್ಕ ಹಾಕಿ ಬರೆದಿದಾನೆ ನೋಡಿ, ಭೇಷ್” ಎಂದು ಹೇಳಿ ಚಹಾದ ಮೇಜಿನ ಕಡೆ ನಡೆದರು.

ಅಷ್ಟೇ. ಅಷ್ಟಕ್ಕೇ ಮುಗಿಯಿತು. ಮೂರು ವಾರದಲ್ಲಿ ಮೊದಲ ಸಲ ಅಮ್ಮನಿಗೆ ಹಸಿವಾಯಿತು. ಮಗಳ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಮಗಳು ಅಪ್ಪನನ್ನು ಚಿತ್ರದ ಮುಂದೆ ನಿಲ್ಲಿಸಿ, “ಇದೇ ಅಪ್ಪ ಅಣ್ಣನದು. ರಸ್ತೆ ಬರೆದಿದಾನೆ. ಇಲ್ಲೇ ಇರಿ, ನೀರು ತರ್ತೀನಿ” ಎಂದು ಹೋದಳು. ಅಮ್ಮ ಚಹಾ ತೆಗೆದುಕೊಂಡಳು, ಎರಡು ಬಿಸ್ಕತ್ತೂ ತೆಗೆದುಕೊಂಡಳು.

ತಿರುಗಿ ನೋಡಿದಾಗ ಗಂಡನ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕಾರ್ಖಾನೆಯ ನೀಲಿ ಕೋಟು ತೊಟ್ಟಿದ್ದಳು. ಆ ಬೆನ್ನನ್ನು ಅಮ್ಮ ಕೋರ್ಟಿನ ಬೆಂಚಿನ ಮೇಲೆ ಹನ್ನೊಂದು ದಿನ ನೋಡಿದ್ದಳು. ಸತ್ತವನ ಹೆಂಡತಿ. ಗಂಡನ ಕೆಲಸವನ್ನು ಕಾರ್ಖಾನೆಯವರು ಅವಳಿಗೆ ಕೊಟ್ಟಿದ್ದರು.

ಅವಳು ಚಿತ್ರವನ್ನು ಅಂಗುಲ ಅಂಗುಲ ನೋಡುತ್ತಿದ್ದಳು. ಪಕ್ಕದ ಮುದುಕ ಯಾರೆಂದು ಅವಳಿಗೆ ತಿಳಿದಿರಲಿಲ್ಲ. ಕೋರ್ಟಿಗೆ ಬಂದಾಗ ಅವನಿಗೆ ಗಡ್ಡವಿರಲಿಲ್ಲ, ಕಪ್ಪು ಕನ್ನಡಕವೂ ಇರಲಿಲ್ಲ.

“ಇದೇನು ಅಂತ ತಿಳಿಯುತ್ತಾ ನಿಮಗೆ?” ಎಂದು ಕೇಳಿದಳು. “ತೋಳಿನ ಮೇಲೆ ಏನೋ ಇದೆ. ಅಕ್ಷರ ಅಲ್ಲ. ಮುಕ್ಕೋನದ ಥರ. ಒಳಗೆ ಚುಕ್ಕಿ.”

“ಎಷ್ಟು ಚುಕ್ಕಿ?”

“ಒಂದು.”

“ಒಂದಾದ್ರೆ ನಂದು” ಎಂದ ಅಪ್ಪ.

ನಲವತ್ತು ವರ್ಷ ಜನ ಅವನನ್ನು ಕೇಳಿದ್ದು ಅದೊಂದೇ ಪ್ರಶ್ನೆ. ಬಾಯಿ ತಾನಾಗಿ ಉತ್ತರ ಕೊಟ್ಟಿತು. ಅದೂ ಸಾಲದೆಂದು ಸೇರಿಸಿದ, “ಮಗನದಾದ್ರೆ ಮೂರಿರುತ್ತೆ.”

ಅಮ್ಮ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

ನೀಲಿ ಕೋಟಿನವಳು ಮುದುಕನ ಕಡೆ ಪೂರ್ತಿ ತಿರುಗಿದಳು. “ನಿಮ್ಮದು ಒಂದು. ಮಗನದು ಮೂರು” ಎಂದಳು ನಿಧಾನವಾಗಿ. “ಹಾಗಾದ್ರೆ ಸ್ಟೇರಿಂಗ್ ಹಿಡಿದಿರೋ ಈ ಕೈ?”

ಸ್ಟೇರಿಂಗ್ ಎಂದ ಮೇಲೆ ಅಪ್ಪನಿಗೆ ಮಗ ಬರೆದದ್ದು ಯಾವ ರಸ್ತೆ ಎಂದು ತಿಳಿಯಿತು. ಕತ್ತರಿಸಿದ ತೋಳುಗಳೂ ನೆನಪಾಗಿರಬೇಕು. ಬರಿ ಮೊಣಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. “ನೀವು ಯಾರಮ್ಮ?”

“ಆ ಸೈಕಲ್ ನಮ್ಮನೆಯವರದು.”

ಅಮ್ಮ ಓಡಿಬಂದು ಗಂಡನ ರಟ್ಟೆ ಹಿಡಿದು ಎಳೆದಳು. “ಇವರಿಗೆ ಕಣ್ಣು ಕಾಣಲ್ಲಮ್ಮ, ಏನೇನೋ ಮಾತಾಡ್ತಾರೆ, ಮನಸ್ಸಿಗೆ ಹಾಕ್ಕೋಬೇಡಿ. ಬನ್ನಿ, ಬನ್ನಿ ಅಂದೆ!” ಹಾಲಿನ ಆ ತುದಿಯಲ್ಲಿ ಇನ್ಸ್‌ಪೆಕ್ಟರು ಯಾರದೋ ಮಾತಿಗೆ ಗಟ್ಟಿಯಾಗಿ ನಗುತ್ತಿದ್ದರು. ಅಪ್ಪ ಅಲುಗಲಿಲ್ಲ.

ನೀಲಿ ಕೋಟಿನವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅಮ್ಮನಿಗೆ ಅಷ್ಟು ಭಯವಾಗುತ್ತಿರಲಿಲ್ಲ. “ಒಂದೇ ಒಂದು ಕೇಳ್ತೀನಿ” ಎಂದಳು. “ನಿಮ್ಮ ಮಗನ್ನ ಕೋರ್ಟಲ್ಲಿ ಕೇಳಿದೆ. ಜೈಲಿಗೆ ಕಾಗದ ಬರೆದೂ ಕೇಳಿದೆ. ನಮ್ಮನೆಯವರು ಕೊನೆಗೆ ಏನಾದ್ರೂ ಅಂದ್ರಾ ಅಂತ. ಗೊತ್ತಿಲ್ಲ, ಕ್ಷಮಿಸಿ ಅಂತ ಎರಡು ಸಲವೂ ಅದೇ ಉತ್ತರ. ಪಕ್ಕದಲ್ಲಿದ್ದೋನಿಗೆ ಗೊತ್ತಿಲ್ದೆ ಹೇಗಿರುತ್ತೆ ಅಂತ ಎರಡು ವರ್ಷ ಹಲ್ಲು ಕಡಿದಿದೀನಿ.”

“ಅವನಿಗೆ ಗೊತ್ತಿಲ್ಲಮ್ಮ. ಅವನು ಜನ ಕರೆಯೋಕೆ ಓಡಿದ್ದ. ಅವರ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೋನು ನಾನು.”

“ಏನಂದ್ರು?”

“ಸೈಕಲ್ಲಿಗೆ ಬೀಗ ಹಾಕಿ ಅಂದ್ರು. ಇಲ್ದಿದ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಂದ್ರು. ತಡಕಾಡಿ ಹಾಕಿದೆ. ಹಾಕಿದೆ ಅಂತ ಬಂದು ಹೇಳಿದೆ. ‘ಸರಿ ಹಾಗಾದ್ರೆ’ ಅಂದ್ರು. ಅಷ್ಟೇ ಅಮ್ಮ. ಆಮೇಲೆ ಮಾತಿಲ್ಲ.”

ಅವಳು ಕೋಟಿನ ತೋಳಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, “ಸ್ಟೇಷನ್ನಲ್ಲಿ ಸೊಟ್ಟಗಾದ ಸೈಕಲ್ ಕೊಟ್ರು. ಬೀಗ ಹಾಕಿತ್ತು. ಓಡ್ತಿದ್ದ ಸೈಕಲ್ಲಿಗೆ ಬೀಗ ಹಾಕಿದ್ದು ಯಾರು ಅಂತ ಕೇಳಿದ್ರೆ ನಂಗೇ ತಲೆ ಕೆಟ್ಟಿದೆ ಅಂದ್ರು” ಎಂದಳು. “ಕೀಲಿ ಎಲ್ಲಿ?”

“ಜೇಬಿಗೆ ಹಾಕ್ಕೊಂಡಿದ್ದೆ. ಆಮೇಲೆ ಏನಾಯ್ತೋ.”

“ಏನು, ಎಲ್ಲ ಇಲ್ಲೇ ಗುಂಪಾಗಿದೀರಿ?” ಇನ್ಸ್‌ಪೆಕ್ಟರು ಬಿಸ್ಕತ್ತು ಹಿಡಿದು ಹತ್ತಿರ ಬಂದಿದ್ದರು. ಸತ್ತವನ ಹೆಂಡತಿ, ಕೊಂದವನ ಮನೆಯವರು ಒಟ್ಟಿಗೆ ನಿಂತಿರುವುದನ್ನು ನೋಡಿ ಅವರ ಹುಬ್ಬು ಮೇಲೇರಿತು. “ಏನಾದ್ರೂ ತೊಂದರೆನಾ ಅಮ್ಮ?”

ಅವಳು ಇನ್ಸ್‌ಪೆಕ್ಟರನ್ನು ನೋಡಿದಳು. ಮುದುಕನನ್ನು ನೋಡಿದಳು. ಆಮೇಲೆ ಅಮ್ಮನನ್ನು ಬಹಳ ಹೊತ್ತು ನೋಡಿದಳು. ನೀರಿನ ಲೋಟ ಹಿಡಿದು ಬಂದ ಮಗಳು ಅಲ್ಲೇ ಕಲ್ಲಾಗಿ ನಿಂತಳು.

“ಚಿತ್ರ ನೋಡ್ತಿದ್ವಿ ಸಾರ್” ಎಂದಳು ನೀಲಿ ಕೋಟಿನವಳು.

ಹೋಗುವಾಗ ಅಮ್ಮನ ಪಕ್ಕ ಹಾದು, “ನಂಗೆ ಆ ಕೀಲಿ ಬೇಕು” ಎಂದಷ್ಟೇ ಹೇಳಿದಳು.

*

ಕೀಲಿ ಎಲ್ಲಿದೆ ಎಂದು ಅಮ್ಮನಿಗೆ ಗೊತ್ತಿತ್ತು. ಅಪಘಾತದ ದಿನದ ಅಂಗಿ ಒಗೆಯುವ ಮೊದಲು ಜೇಬು ತಪಾಸಣೆ ಮಾಡಿದಾಗ ಸಿಕ್ಕಿತ್ತು. ಗಿರಾಕಿಗಳ ಜೇಬಿನಲ್ಲಿ ಸಿಕ್ಕ ಟಿಕೆಟ್ಟು, ಪೆನ್ನು, ಉಂಗುರ ಹಾಕಿಡುವ ಡಬ್ಬಿಯ ತಳದಲ್ಲಿ ಅವಳು ಅದನ್ನು ಇಟ್ಟಿದ್ದಳು. ಎಸೆಯಲು ಕೈ ಬಂದಿರಲಿಲ್ಲ.

“ಚರಂಡಿಗೆ ಹಾಕಮ್ಮ” ಎಂದಳು ಮಗಳು. “ಅಪ್ಪನ ಬಾಯಿಮಾತು ಇಲ್ಲ ಅನ್ನಬಹುದು. ಕೀಲಿ ಕೊಟ್ರೆ ಸಾಕ್ಷಿ ಕೈಗೆ ಕೊಟ್ಟ ಹಾಗೆ. ಅಣ್ಣ ಬರೋದು ಬೇಡ್ವಾ ನಿಂಗೆ?”

“ಜೇಬಲ್ಲಿ ಸಿಕ್ಕಿದ್ದನ್ನ ಕೊಡದೆ ಇಟ್ಕೊಂಡ ಲಾಂಡ್ರಿ ಅಲ್ಲ ಇದು” ಎಂದಳು ಅಜ್ಜಿ.

“ನಾನೇ ಹೋಗ್ತೀನಿ, ಅಲ್ಲಿಂದ ಸ್ಟೇಷನ್ನಿಗೂ ಹೋಗ್ತೀನಿ” ಎಂದ ಅಪ್ಪ.

“ನೀವು ಸುಮ್ನೆ ಕೂತ್ಕೊಳ್ಳಿ!” ಅಮ್ಮ ಕಿರುಚಿದಳು. “ಒಂದು ದಿನ ಹೂಂ ಅಂದ್ರಿ. ಇನ್ನೊಂದು ದಿನ ನಂದು ಅಂದ್ರಿ. ಸಾಕು ನಿಮ್ಮ ಮಾತು.” ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಒಬ್ಬಳೇ ಹೊರಟಳು.

ಕಾರ್ಖಾನೆಯ ಹಿಂದಿನ ಸಾಲುಮನೆ. ಬಾಗಿಲಿನ ಪಕ್ಕದಲ್ಲಿ ಸೊಟ್ಟ ಸೈಕಲ್ಲು ಗೋಡೆಗೆ ಒರಗಿತ್ತು. ನೀಲಿ ಕೋಟಿನವಳು ಕೀಲಿ ತೆಗೆದುಕೊಂಡಳು, ಮಂಡಿಯೂರಿ ಕೂತು ತುಕ್ಕುಹಿಡಿದ ಬೀಗಕ್ಕೆ ಹಾಕಿದಳು. ಮೊದಲು ತಿರುಗಲಿಲ್ಲ. ಒಳಗಿನಿಂದ ಅಡುಗೆ ಎಣ್ಣೆ ತಂದು ಎರಡು ಹನಿ ಬಿಟ್ಟು ಮತ್ತೆ ತಿರುಗಿಸಿದಳು. ಟಕ್ ಎಂದು ತೆರೆಯಿತು. ಬೀಗದ ಮೇಲೆ ಅಂಗೈ ಇಟ್ಟು ಹಾಗೆಯೇ ಕೂತಳು.

“ಮಗ ಬರೋದು ಯಾವಾಗ?”

“ಐದು ತಿಂಗಳು. ಐದೂ ಇಲ್ಲ ಈಗ.” ಅಮ್ಮ ಕೈಮುಗಿದಳು. “ಅವನೇನೂ ಮಾಡಿಲ್ಲ ತಾಯಿ.”

“ಅದು ಗೊತ್ತಾಗಿದ್ದಕ್ಕೇ ಕಷ್ಟ. ಇಷ್ಟು ದಿನ ತಪ್ಪು ಮಾಡಿದೋನು ಒಳಗಿದಾನೆ ಅಂತ ಹೇಗೋ ಮಲಗ್ತಿದ್ದೆ.” ಅವಳು ಎದ್ದು ನಿಂತಳು. “ನಾನು ಯಾವ ಮಾತೂ ಕೊಡಲ್ಲ. ನಿದ್ದೆ ಬಂದ್ರೆ ಸುಮ್ನಿರ್ತೀನಿ. ಬರದಿದ್ರೆ ಎದ್ದು ಸ್ಟೇಷನ್ನಿಗೆ ಹೋಗ್ತೀನಿ. ಅಷ್ಟೇ ನಂಗೆ ಗೊತ್ತಿರೋದು.”

ಮರುದಿನ ಬಾಯ್ಲರಿಗೆ ಬೆಂಕಿ ಹಾಕುವ ಮೊದಲೇ ಅಮ್ಮ ಚಪ್ಪಲಿ ಮೆಟ್ಟಿ ಹೊರಟಳು. ಸಾಲುಮನೆಯ ಬಾಗಿಲು ತಟ್ಟಿ ಕಾದಳು. ಒಳಗೆ ಚಿಲಕ ಸರಿಯಿತು.

“ನಿದ್ದೆ ಬಂತಾ?” ಎಂದು ಕೇಳಿದಳು.

ಬಾಗಿಲಲ್ಲಿ ನಿಂತವಳು ಅವಳ ಊದಿದ ಕಣ್ಣು, ಕೆದರಿದ ತಲೆ ನೋಡಿದಳು.

“ಸ್ವಲ್ಪ ಬಂತು” ಎಂದಳು. “ನಿಮಗೆ?”